ಬೆಟ್ಟದ ಹುಲ್ಲು, ಗಾಳಿಯ ಲೆಕ್ಕ



ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,000 ಮೀಟರಿಗೂ ಹೆಚ್ಚು. ಅಲ್ಲಿ ಬೇಸಾಯ ಕಷ್ಟ. ಯಾಕ್ ದನ, ಕುರಿಗಳೇ ಅನೇಕರ ಬದುಕು. ಚಳಿಯಲ್ಲಿ ಸತ್ತ ಬೇರುಗಳು ನಿಧಾನವಾಗಿ ಕೊಳೆಯುವುದರಿಂದ ಹುಲ್ಲುಗಾವಲಿನ ಮಣ್ಣಿನಲ್ಲಿ ಅಪಾರ ಇಂಗಾಲ ಉಳಿದಿದೆ.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಿಂದ ಮೀಥೇನ್ ಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಅದು ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ. ಗಂಜಲ ಬಿದ್ದ ನೆಲದಿಂದ ಏಳುವ ನೈಟ್ರಸ್ ಆಕ್ಸೈಡ್ ಸುಮಾರು 270 ಪಟ್ಟು.

ಮಂದೆ ಅತಿಯಾದರೆ ಇನ್ನೊಂದು ನಷ್ಟವೂ ಇದೆ: ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಬೇರು ಸೊರಗುತ್ತದೆ, ಕೂಡಿಟ್ಟ ಇಂಗಾಲ ಗಾಳಿಗೆ ಸೇರುತ್ತದೆ. ಮಿತವಾಗಿ ಮೇಯಿಸಿ ಹುಲ್ಲಿಗೆ ಬಿಡುವು ಕೊಟ್ಟರೆ ಈ ನಷ್ಟವನ್ನು ತಗ್ಗಿಸಬಹುದು.

ದನಗಾಹಿಯನ್ನು ದೂರುವುದು ಸುಲಭ. ಎಷ್ಟು ಪ್ರಾಣಿ, ಎಷ್ಟು ದಿನ ಎಂಬುದನ್ನು ಅಳೆದು, ಅವನೊಂದಿಗೆ ಕೂತು ನಿರ್ಧರಿಸುವುದು ವಿದ್ಯಾವಂತರ ಕೆಲಸ. ಅದಕ್ಕೆ ನಿಮ್ಮಲ್ಲಿ ಕೆಲವರಾದರೂ ಮುಂದೆ ಬನ್ನಿರೆಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.