ಬೂತಿನ ಲೆಕ್ಕ, ಓಣಿಯ ಮುನಿಸು

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಅದೇ ಅಳಲು. ಇಲೆಕ್ಷನ್ ಬಂತು, ಊರು ಎರಡಾಯಿತು, ಆಚೆ ಓಣಿಯವರು ಈಚೆ ಓಣಿಯ ಮದುವೆಗೆ ಬರಲಿಲ್ಲ, ಏನು ಮಾಡೋಣ ಅಂತ.

ಊರು ಆವತ್ತೇ ಎರಡಾಗಲಿಲ್ಲ. ಯಾರ ಮನೆಯ ನೀರನ್ನು ಯಾರು ಕುಡಿಯುವುದಿಲ್ಲ, ಯಾವ ಓಣಿಗೆ ನಳ ಕೊನೆಗೆ ಬಂತು, ಕಾಲುವೆಯ ಮೊದಲಿಗೆ ಯಾರ ಹೊಲ, ಕೊನೆಗೆ ಯಾರದು, ಇವೆಲ್ಲ ಮುಂಚಿನಿಂದ ಇದ್ದವು. ಮತ ಎಣಿಸಿದ ದಿನ ಅದಕ್ಕೊಂದು ಅಂಕಿ ಸಿಕ್ಕಿತು, ಅಷ್ಟೆ. ಕುಂದಗೋಳ ಕ್ಷೇತ್ರದಲ್ಲಿ 2018ರ ಗೆಲುವಿನ ಅಂತರ 634 ಮತ, ಮರುವರ್ಷದ ಉಪಚುನಾವಣೆಯಲ್ಲಿ 1,601. ಹೆಚ್ಚುಕಡಿಮೆ ಸರಿ ಅರ್ಧ. ಬ್ರಿಟನ್ನಿನಲ್ಲಿ 2016ರಲ್ಲಿ ಯುರೋಪ್ ಒಕ್ಕೂಟ ಬಿಡಬೇಕೇ ಎಂದು ಜನಮತ ಕೇಳಿದಾಗಲೂ ಶೇ 51.9ಕ್ಕೆ ಶೇ 48.1. ಹಳ್ಳಿ ಒಂದು ಕಡೆ, ಮಹಾನಗರ ಒಂದು ಕಡೆ, ಹರೆಯದವರು ಒಂದು ಕಡೆ, ಹಿರಿಯರು ಒಂದು ಕಡೆ. ಒಳಗೇ ಇದ್ದದ್ದು ಒಂದು ರಾತ್ರಿಯಲ್ಲಿ ಬಯಲಿಗೆ ಬಂತು.

ನಮ್ಮಲ್ಲಿ ಇದು ಇನ್ನೂ ಕೆಳಕ್ಕೆ, ಓಣಿಯ ತನಕ ಬಯಲಾಗುತ್ತದೆ. ಹೇಗೆ ಅನ್ನುವುದನ್ನು ನಿಧಾನವಾಗಿ ಕೇಳಿ. ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಎಣಿಕೆ ಡ್ಯೂಟಿಗೂ ಹೋಗಿದ್ದೆ. ತಂತಿ ಜಾಳಿಗೆಯ ಆಚೆ ಏಜೆಂಟರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಒಂದು ಯಂತ್ರದ ಲೆಕ್ಕ ತೋರಿಸಿದ ಕೂಡಲೆ ಬೂತಿನ ನಂಬರು ಬರೆಯುತ್ತಾರೆ, ಪಕ್ಕದಲ್ಲೇ ಓಣಿಯ ಹೆಸರು. ಒಂದು ಬೂತಿಗೆ ಎರಡೋ ಮೂರೋ ಓಣಿ. ನಿಮ್ಮ ಒಬ್ಬರ ಮತ ಗುಟ್ಟು, ನಿಮ್ಮ ಓಣಿಯದು ಗುಟ್ಟಲ್ಲ. ಮತ್ತೊಮ್ಮೆ ಹೇಳುತ್ತೇನೆ: ಒಬ್ಬರದು ಗುಟ್ಟು, ಓಣಿಯದು ಬಟಾಬಯಲು. ಆಮೇಲೆ ಸಿಮೆಂಟ್ ರಸ್ತೆ ಯಾವ ಓಣಿಯ ಬಾಯಿಗೆ ಬಂದು ನಿಲ್ಲುತ್ತದೆ ಎಂದು ನೀವೇ ನೋಡಿದ್ದೀರಿ. ಮುನಿಸು ಬೆಳೆಯುವುದು ಆ ರಸ್ತೆ ನಿಂತ ಜಾಗದಲ್ಲಿ.

ಇನ್ನು ಕೆಲವರು, ‘ಯಾವ ಗುಂಡಿ ಒತ್ತೇವಿ ಅಂತ ಅವರಿಗೆ ಗೊತ್ತಾಗತೈತ್ರಿ’ ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಸಾಕಾಗಿದೆ. ಗೊತ್ತಾಗುವುದಿಲ್ಲ! ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುತ್ತವೆ, ನಿಮ್ಮ ಹೆಸರಿಲ್ಲ. ಈ ಸುಳ್ಳು ಹೆದರಿಕೆಯಲ್ಲಿ ನಿಜವಾದ ತೊಂದರೆ ಮರೆತೇ ಹೋಗುತ್ತದೆ.

ಓಣಿಯ ಲೆಕ್ಕ ಬಯಲಾಗುವ ಆ ತೊಂದರೆಗೆ ಮದ್ದು ಇದೆ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಯ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ನಾಲ್ಕು ಹೊಲದ ಜೋಳ ಒಂದೇ ರಾಶಿ ಮಾಡಿದರೆ ಯಾವ ಕಾಳು ಯಾರದೆಂದು ಹೇಳುವವರು ಯಾರು? ಯಂತ್ರಗಳಿಗೂ ಹಾಗೇ ಮಾಡಬಹುದು. ಹಲವು ಬೂತುಗಳ ಯಂತ್ರ ಜೋಡಿಸಿ ಒಟ್ಟು ಲೆಕ್ಕವನ್ನಷ್ಟೇ ತೋರಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಹೇಳಿತು. ಜಾರಿಗೆ ಬಂದಿಲ್ಲ. ಮತ ಕೇಳಲು ಬರುವವರನ್ನು ಪಕ್ಷ ನೋಡದೆ ಅದು ಯಾಕೆ ಬಂದಿಲ್ಲ ಎಂಬ ಒಂದು ಪ್ರಶ್ನೆ ಕೇಳಿ, ದಯವಿಟ್ಟು ಕೇಳಿ.

ಸಮಯ ಮುಗಿಯುತ್ತ ಬಂತು. ಮತದಲ್ಲಿ ಬೇರೆಯಾದವರು ಮತ್ತೆ ಕೂಡಬಹುದು ಎನ್ನುವುದಕ್ಕೆ ಗೋವಾದ ಮಾತು ಹೇಳಲೇಬೇಕು. 1967ರ ಜನವರಿ 16ರಂದು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂದು ಅಲ್ಲಿ ಮತ ತೆಗೆದರು. ಬೇಡ ಎಂದವರು 1,72,191, ಬೇಕು ಎಂದವರು 1,38,170. ಮನೆಮನೆಯಲ್ಲೂ ಜಗಳ. ವಿಲೀನ ಬೇಕೆಂದು ವಾದಿಸಿ ಸೋತವರು ಅದಕ್ಕೆ ಮುಂಚೆ ಮುಖ್ಯಮಂತ್ರಿಯಾಗಿದ್ದ ದಯಾನಂದ ಬಾಂದೋಡ್ಕರ್. ಕೆಲವೇ ವಾರಗಳಲ್ಲಿ ಬಂದ ಚುನಾವಣೆಯಲ್ಲಿ ಅದೇ ಜನ ಅವರನ್ನೇ ಮತ್ತೆ ಮುಖ್ಯಮಂತ್ರಿ ಮಾಡಿದರು. ಒಂದು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವನನ್ನು ಅಲ್ಲಿಯವರು ಎಲ್ಲದಕ್ಕೂ ವೈರಿ ಮಾಡಿಕೊಳ್ಳಲಿಲ್ಲ. ನಮ್ಮಲ್ಲೂ 1980ರಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ನವಲಗುಂದದ ರೈತರು ಎದ್ದು ನಿಂತಾಗ ಯಾರ ಓಣಿ ಯಾವುದೆಂದು ಯಾರೂ ಕೇಳಲಿಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ವಾರ್ಡ್ ಸಭೆ, ಗ್ರಾಮ ಸಭೆ. ಕಾಮಗಾರಿಯ ಪಟ್ಟಿಯನ್ನು ಓಣಿವಾರು ಓದಿಸಿ. ಗಟಾರು ಎಲ್ಲಿಗೆ ನಿಂತಿದೆ, ಯಾಕೆ ನಿಂತಿದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ. ಸೋತ ಓಣಿಯ ಪರವಾಗಿ ಆ ಮಾತನ್ನು ಗೆದ್ದ ಓಣಿಯವರೇ ಎದ್ದು ಕೇಳಿದರೆ ಇನ್ನೂ ಒಳ್ಳೆಯದು.