ಮನಸ್ಸು ಬಿಗಿದರೆ ಮೈಯೂ ಬಿಗಿಯುತ್ತದೆ

ನಾನು ಡಾಕ್ಟರಲ್ಲ, ಅಕೌಂಟೆಂಟ್. ಕಾಮರ್ಸ್ ಓದಿದವನು ಮೈ-ಮನಸ್ಸಿನ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಅನುಭವಿಸಿದ್ದೇನೆ, ಅದಕ್ಕೇ.

ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಅವಕಾಶ. ಐ-94 ಅವಧಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿದ್ದಾಗ ನನಗೂ ಆ ಎಣಿಕೆ ಶುರುವಾಗಿತ್ತು. ಮೂರನೇ ವಾರ, ಒಂದು ರಾತ್ರಿ ಎದೆ ಹಿಡಿದುಕೊಂಡಿತು, ದವಡೆಯಲ್ಲೂ ನೋವು. ಆಸ್ಪತ್ರೆಯಲ್ಲಿ ಇಸಿಜಿ, ರಕ್ತಪರೀಕ್ಷೆ ಎಲ್ಲಾ ಮಾಡಿ, ಹೃದಯ ಚೆನ್ನಾಗಿದೆ, ಆತಂಕಕ್ಕೆ ಸ್ನಾಯುಗಳು ಬಿಗಿದಿವೆ ಅಂದರು. ವಾಪಸ್ ಬರುವಾಗ ನನಗೆ ನಾಚಿಕೆ. "ಸುಮ್ನೆ ನಿನ್ನ ಹೆದರಿಸಿಬಿಟ್ಟೆ" ಅಂದೆ. ಹೆಂಡತಿ ಅಂದಳು, "ನೋವು ಇತ್ತು ತಾನೆ? ಮತ್ತೆ ಸುಮ್ನೆ ಹೇಗಾಗುತ್ತೆ?"

ಅವಳ ಮಾತು ಸರಿ ಅನ್ನುವುದಕ್ಕೆ ಪುರಾವೆ ನಮ್ಮ ಶಿಕಾಗೊದಲ್ಲೇ ಇದೆ. 1930ರ ಸುಮಾರಿಗೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು ಜನರನ್ನು ಆರಾಮವಾಗಿ ಮಲಗಿಸಿ, ತೋಳು ಮಡಚಿದ ಹಾಗೆ ಕಲ್ಪಿಸಿಕೊಳ್ಳಿ ಅಂದರು. ತೋಳು ಅಲುಗಾಡಿದ್ದು ಕಣ್ಣಿಗೆ ಕಾಣಲಿಲ್ಲ. ಆದರೆ ಆ ತೋಳಿನ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಸಂಚಾರವನ್ನು ಯಂತ್ರ ತೋರಿಸಿತು. ಯೋಚನೆ ತಲೆಯಲ್ಲೇ ನಿಲ್ಲುವುದಿಲ್ಲ, ಮೈಗೆ ಇಳಿಯುತ್ತದೆ.

ಒಳ್ಳೆಯದೂ ಹಾಗೇ ಇಳಿಯುತ್ತದೆ. ಡೆಟ್ರಾಯಿಟ್‌ಗೆ ಹತ್ತಿರದ ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ವಯಂಸೇವಕರ ದವಡೆಗೆ ಉಪ್ಪುನೀರಿನ ಇಂಜೆಕ್ಷನ್‌ನಿಂದ ನೋವು ತರಿಸಿ, ನೋವು ತಗ್ಗಿಸುವ ಔಷಧಿ ಇರಬಹುದು ಅಂತ ಹೇಳಿ ಔಷಧಿಯಿಲ್ಲದ ದ್ರವ ಕೊಟ್ಟರು. ಆ ನಂಬಿಕೆಗೇ ಮಿದುಳು ತನ್ನದೇ ನೋವುನಿವಾರಕ ರಾಸಾಯನಿಕಗಳನ್ನು ಬಿಟ್ಟದ್ದು ಸ್ಕ್ಯಾನ್‌ನಲ್ಲಿ ಕಂಡಿತು.

ಹಾಗಾದರೆ ನಾವೇನು ಮಾಡೋಣ? ಜೇಕಬ್ಸನ್ 1929ರಲ್ಲೇ ಸ್ನಾಯು ಸಡಿಲಿಸುವ ಅಭ್ಯಾಸದ ಬಗ್ಗೆ ಪುಸ್ತಕ ಬರೆದಿದ್ದರು. ಇವತ್ತು ಕಲಿಸುವ ಸುಲಭದ ಕ್ರಮ ಹೀಗಿದೆ. ಮಲಗುವ ಮುಂಚೆ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿದು ಬಿಟ್ಟುಬಿಡಿ. ಬಿಟ್ಟಾಗ ಹೇಗಿದೆ ಅಂತ ಅರ್ಧ ನಿಮಿಷ ಗಮನಿಸಿ. ಆಮೇಲೆ ತೋಳು, ಭುಜ, ದವಡೆ, ಹೊಟ್ಟೆ, ಕಾಲು. ಪೆಟ್ಟಾದ ಅಥವಾ ನೋಯುವ ಜಾಗವನ್ನು ಬಿಗಿಯಬೇಡಿ. ಒಂದೇ ದಿನಕ್ಕೆ ಫಲ ಸಿಗಲ್ಲ. ನನಗೆ ಹತ್ತು ದಿನ ಹಿಡಿಯಿತು, ಆಮೇಲೆ ನಿದ್ದೆ ಬಂತು.

ಇನ್ನೊಂದು ಕೆಲಸ ಲೆಕ್ಕದವನಾಗಿ ಹೇಳ್ತೇನೆ. ಉಳಿದ ದಿನ, ಕೈಲಿರುವ ದುಡ್ಡು, ತಿಂಗಳ ಖರ್ಚು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಮೊದಲ ವಾರವೇ ವಲಸೆ ವಕೀಲರನ್ನು ಕಾಣಿ. ಉಸಿರಾಟದ ಅಭ್ಯಾಸದಿಂದ ವೀಸಾ ಸಿಗಲ್ಲ.

ಮುಖ್ಯವಾಗಿ, ಎದೆನೋವು ಬಂದರೆ "ಟೆನ್ಶನ್ ಇರಬೇಕು" ಅಂತ ನೀವೇ ತೀರ್ಮಾನಿಸಬೇಡಿ. ಬಿಲ್ಲಿಗೆ ಹೆದರಿ ಕಾಯಬೇಡಿ. ಕೂಡಲೇ 911ಕ್ಕೆ ಕರೆ ಮಾಡಿ. ಬದುಕೇ ಬೇಡ ಅನ್ನಿಸಿದರೆ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ. ಹೃದಯ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದರೆ ನಾಚಿಕೆ ಬೇಡ. ನಿಮ್ಮ ನೋವು ಸುಳ್ಳಲ್ಲ. ಅವತ್ತು ರಾತ್ರಿಯೇ ಮುಷ್ಟಿ ಬಿಗಿಹಿಡಿದು ಬಿಡುವುದರಿಂದ ಶುರುಮಾಡಿ.