ಅಡಿಕೆಗೆ ಹೋದ ಮಾನ

ನಾನು ಚಿಕ್ಕವನಾಗಿದ್ದಾಗ ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಗರಡಿಮನೆ ಇತ್ತು. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಆಂಜನೇಯನ ಪಟ. ಬಾಗಿಲೇಕೆ ಇಷ್ಟು ತಗ್ಗು ಎಂದು ಕೇಳಿದರೆ, ಎಂಥ ಜಟ್ಟಿಯಾದರೂ ತಲೆ ಬಗ್ಗಿಸಿಯೇ ಒಳಗೆ ಬರಲಿ ಎಂದು ಹಿರಿಯರು ಹೇಳುತ್ತಿದ್ದರು. ಹೊಸದಾಗಿ ಸೇರಿದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಯಾವ ಪಟ್ಟನ್ನೂ ಕಲಿಸುತ್ತಿರಲಿಲ್ಲ. "ಕೈ, ಬಾಯಿ, ಕಚ್ಚೆ, ಈ ಮೂರೂ ಭದ್ರವಾಗಿರಬೇಕು ಕಣಪ್ಪ. ಇವು ಸಡಿಲಾದೋನಿಗೆ ನಾನು ಎಂಥ ಪಟ್ಟು ಕಲಿಸಿದ್ರೂ ಅದು ಊರಿಗೆ ಮಾರಿ" ಎಂದಷ್ಟೇ ಹೇಳಿ ಮಟ್ಟಿ ಅಗೆಯಲು ಹಚ್ಚುತ್ತಿದ್ದರು. ಆ ಮಾತಿನ ಅರ್ಥ ಅಂದು ನಮಗೆ ತಿಳಿಯುತ್ತಿರಲಿಲ್ಲ. ಹೆಸರಾಂತ ಕ್ರೀಡಾಪಟುವೊಬ್ಬನ ನಡತೆಯ ಬಗ್ಗೆ ಪತ್ರಿಕೆಗಳಲ್ಲಿ ಏನಾದರೊಂದು ಸುದ್ದಿ ಬಂದಾಗಲೆಲ್ಲ ಈಗ ನನಗೆ ಅದೇ ಮಾತು ನೆನಪಾಗುತ್ತದೆ. ಇಂದಿನ ಈ ಭಾಷಣದಲ್ಲಿ ನಾನು ವಿಚಾರ ಮಾಡಬೇಕೆಂದಿರುವುದೂ ಅದನ್ನೇ: ಆಟದಲ್ಲಿ ಗೆದ್ದವನು ನಡತೆಯಲ್ಲಿ ಸೋತಾಗ, ಜನ ಅವನ ಮೇಲಿಟ್ಟ ನಂಬಿಕೆಗೆ ಏನಾಗುತ್ತದೆ?

ನಮ್ಮ ಜಿಲ್ಲೆಯ ಊರ ಬಾಗಿಲುಗಳಲ್ಲಿ, ಕೆರೆಯ ಏರಿಗಳ ಮೇಲೆ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲೆ ಲಿಂಗದ ಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಒಂದು ದಿನದ ಸಾಹಸವನ್ನು ಊರು ಕಲ್ಲಿನಲ್ಲಿ ಬರೆಸಿತು. ಅವನು ಮನೆಯಲ್ಲಿ ಹೇಗಿದ್ದ, ಸಾಲ ತೀರಿಸಿದ್ದನೆ, ಯಾರನ್ನಾದರೂ ನೋಯಿಸಿದ್ದನೆ ಎಂಬುದನ್ನು ಬರೆಸಲಿಲ್ಲ. ಸತ್ತವನಿಗೆ ಊರು ತೋರುವ ಔದಾರ್ಯವದು. ಇಂದಿನ ವೀರನಿಗೆ ಆ ಔದಾರ್ಯವಿಲ್ಲ. ಅವನ ಕಲ್ಲನ್ನು ಅವನು ಬದುಕಿರುವಾಗಲೇ ಕಡೆಯುತ್ತಾರೆ. ದೂರದರ್ಶನವೂ ಕೈಯಲ್ಲಿರುವ ಫೋನೂ ದಿನಕ್ಕೊಂದು ಅಂಕಣವನ್ನು ಅದಕ್ಕೆ ಸೇರಿಸುತ್ತಲೇ ಇರುತ್ತವೆ.

ನಂಬಿಕೆಯೆಂಬುದು ಆಟಗಾರನಿಗೆ ಏತಕ್ಕೆ ಬೇಕು? ರನ್ನು, ವಿಕೆಟ್ಟು, ಪದಕಗಳು ಸಾಲವೆ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಹೆಸರಿನಲ್ಲೇ ಇದೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಗೆ ಹೆಸರಾದ ಊರು. ಮೈಸೂರಿನಲ್ಲಿ ಹುಟ್ಟಿದ ಶ್ರೀನಾಥರ ಹೆಸರಿನ ಮುಂದೆ ಕುಳಿತು ಆ ಊರು ಲೋಕವನ್ನೆಲ್ಲ ಸುತ್ತಿತು. ಅವರು ಟೆಸ್ಟ್ ಪಂದ್ಯಗಳಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್ಟುಗಳನ್ನು ಪಡೆದರು. ಅದು ತೋಳಿನ ಸಂಪಾದನೆ. ಆದರೆ 2006ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅವರನ್ನು ಪಂದ್ಯದ ರೆಫರಿಯಾಗಿ ನೇಮಿಸಿಕೊಂಡಿತು. ರೆಫರಿಯ ಕೆಲಸವೆಂದರೆ ಇತರ ಆಟಗಾರರ ನಡತೆಯನ್ನು ತೂಗಿ ದಂಡ ವಿಧಿಸುವುದು. ಅಲ್ಲಿ ಚೆಂಡಿನ ವೇಗಕ್ಕೆ ಬೆಲೆಯಿಲ್ಲ. "ಈ ಮನುಷ್ಯನ ಮಾತನ್ನು ಒಪ್ಪಬಹುದು" ಎಂಬ ಭಾವನೆಗೆ ಮಾತ್ರ ಬೆಲೆ. ಆಟ ಮುಗಿದ ಮೇಲೂ ಉಳಿಯುವ ಈ ಗಂಟನ್ನೇ ನಾನು ವಿಶ್ವಾಸಾರ್ಹತೆ ಎಂದು ಕರೆಯುತ್ತೇನೆ.

ಈಗ ಉಸ್ತಾದರ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಕೈ. ಹಣಕ್ಕೆ ಕೈ ಚಾಚುವುದು, ಮದ್ದಿಗೆ ಕೈ ಚಾಚುವುದು ಇವೆರಡೂ ಆಟವನ್ನೇ ಕೆಡಿಸುವ ತಪ್ಪುಗಳು. 2019ರ ಕರ್ನಾಟಕ ಪ್ರೀಮಿಯರ್ ಲೀಗಿನ ಪಂದ್ಯಗಳಲ್ಲಿ ಹಣ ಪಡೆದು ಆಡಿದರೆಂಬ ಆರೋಪದ ಮೇಲೆ ರಾಜ್ಯದ ಹೆಸರಾಂತ ಆಟಗಾರರ ಬಂಧನವಾಯಿತು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಂಡು ಆಡಿದರೆ ನೋಡುವವರಿಗೆ ಮೋಸವಾಯಿತೆಂದು ಅನಿಸಬಹುದಾದರೂ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಅದಾಗದು, ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು ಹೇಳಿ ಮೊಕದ್ದಮೆಯನ್ನು ರದ್ದುಮಾಡಿತು. ಕಾನೂನಿನ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಆದರೆ ಆ ಪಂದ್ಯಾವಳಿ ಆ ಹೆಸರಿನಲ್ಲಿ ಮತ್ತೆ ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಬೇರೆ ಹೆಸರಿನಿಂದ ಹೊಸದಾಗಿ ಆರಂಭವಾಯಿತು. ಕ್ಯಾಚು ಕೈತಪ್ಪಿದಾಗ ಅದು ತಪ್ಪಿತೋ ತಪ್ಪಿಸಿದ್ದೋ ಎಂದು ಕೇಳುವ ಸ್ಥಿತಿ ಬಂದರೆ ಅಪರಾಧವಿಲ್ಲದ ಆಟಗಾರನೂ ಅದರ ದಂಡವನ್ನು ತೆರಬೇಕಾಗುತ್ತದೆ.

ಇದೇ ಸಾಲಿನಲ್ಲಿ ಇನ್ನೊಂದು ಪ್ರಕರಣವನ್ನು ಹೇಳುವಾಗ ನನಗೆ ಮರುಕವಾಗುತ್ತದೆ. ಉಡುಪಿ ಜಿಲ್ಲೆಯ ರೈತ ಕುಟುಂಬದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಓಟಗಳಲ್ಲಿ ಚಿನ್ನ ಗೆದ್ದರು. ಮರುವರ್ಷ ಅವರ ದೇಹದಲ್ಲಿ ನಿಷೇಧಿತ ಮದ್ದಿನ ಅಂಶ ಪತ್ತೆಯಾಯಿತು. ವಿದೇಶೀ ತರಬೇತುದಾರರು ಕೊಟ್ಟ ಜಿನ್ಸೆಂಗ್ ಗುಳಿಗೆಗಳಲ್ಲಿ ಅದು ಬೆರೆತಿತ್ತೆಂದು ಅವರೂ ಅವರ ಜೊತೆಗಾರ್ತಿಯರೂ ವಾದಿಸಿದರು. ಭಾರತದ ಶಿಸ್ತುಮಂಡಳಿ ಅದನ್ನು ಪರಿಗಣಿಸಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ದೇಹದೊಳಗೆ ಏನು ಹೋಗುತ್ತದೆಂಬುದಕ್ಕೆ ಓಟಗಾರಳೇ ಹೊಣೆ ಎಂಬ ನಿಯಮ ಕಠಿಣವಾದದ್ದು, ಆದರೆ ಅನಿವಾರ್ಯವಾದದ್ದು. ಆದರೂ ಬೇಕೆಂದೇ ಮದ್ದು ತಿಂದವರನ್ನೂ ಗುರುವನ್ನು ನಂಬಿ ಗುಳಿಗೆ ನುಂಗಿದವರನ್ನೂ ಜನ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಿಯಮಕ್ಕೆ ಉದ್ದೇಶ ಬೇಕಿಲ್ಲದಿರಬಹುದು, ನಮಗೆ ಬೇಕು.

ಎರಡನೆಯದು ಬಾಯಿ. ಇದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನ ಕಡೆ ಬೆಳೆದ ಕೆ. ಎಲ್. ರಾಹುಲ್ ತಮ್ಮ ಜೊತೆಯ ಆಟಗಾರ ಹಾರ್ದಿಕ್ ಪಾಂಡ್ಯರೊಡನೆ ದೂರದರ್ಶನದ ಒಂದು ಹರಟೆಯ ಕಾರ್ಯಕ್ರಮಕ್ಕೆ ಹೋದರು. 2019ರ ಜನವರಿಯಲ್ಲಿ ಅದು ಪ್ರಸಾರವಾಯಿತು. ಹೆಣ್ಣುಮಕ್ಕಳ ವಿಷಯದಲ್ಲಿ ಅಲ್ಲಿ ಹೊರಟ ಹಗುರ ಮಾತುಗಳಲ್ಲಿ ಹೆಚ್ಚಿನವು ಪಾಂಡ್ಯರವು. ರಾಹುಲ್ ಪಕ್ಕದಲ್ಲಿ ಕುಳಿತು ಆ ಹರಟೆಯಲ್ಲಿ ಪಾಲುಗೊಂಡಿದ್ದರು. ಇಬ್ಬರನ್ನೂ ಅಮಾನತಿನಲ್ಲಿಟ್ಟು ಆಸ್ಟ್ರೇಲಿಯದಿಂದ ವಾಪಸು ಕರೆಸಿದರು. ಕ್ಷೌರದ ಸಾಮಗ್ರಿಗಳ ಕಂಪನಿಯೊಂದು ಪಾಂಡ್ಯರೊಡನೆ ಇದ್ದ ಜಾಹೀರಾತಿನ ಸಂಬಂಧವನ್ನು ತಡೆಹಿಡಿಯಿತು. ಎರಡು ವಾರಗಳೊಳಗೆ ಅಮಾನತು ತೆರವಾಯಿತಾದರೂ ಏಪ್ರಿಲಿನಲ್ಲಿ ಮಂಡಳಿಯ ಓಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ. ಕೆ. ಜೈನ್ ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಕರ್ತವ್ಯದಲ್ಲಿ ಮಡಿದ ಹತ್ತು ಮಂದಿ ಅರೆಸೈನಿಕ ಪೇದೆಗಳ ಕುಟುಂಬಗಳಿಗೆ ತಲಾ ಒಂದು ಲಕ್ಷ, ಅಂಧರ ಕ್ರಿಕೆಟ್ಟಿನ ನಿಧಿಗೆ ಹತ್ತು ಲಕ್ಷ, ಹೀಗೆ ಆ ಹಣ ಸಲ್ಲಬೇಕೆಂದು ತೀರ್ಪಾಯಿತು.

ಆ ಜನವರಿಯ ಒಂದು ಭಾನುವಾರ ನಾನು ಅರಕಲಗೂಡಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಆಗ ಹೈಸ್ಕೂಲಿನ ಹುಡುಗ, ರಾಹುಲ್ ಎಂದರೆ ಪ್ರಾಣ. ನಡುಮನೆಯ ಗೋಡೆಗೆ ಅವನೇ ಮೊಳೆ ಹೊಡೆದು ತೂಗುಹಾಕಿದ್ದ ಪಟ ಆ ದಿನ ಅಲ್ಲಿರಲಿಲ್ಲ. ಹಾಸನದಲ್ಲಿ ಕಾಲೇಜು ಓದುತ್ತಿದ್ದ ಅವನ ಅಕ್ಕ ಅದನ್ನು ಇಳಿಸಿ ಅಟ್ಟದ ಮೇಲೆ ಇಟ್ಟಿದ್ದಳು. ಹುಡುಗ ಅಳುಮುಖದಲ್ಲಿ, "ನೀನೇ ಹೇಳು ಮಾವ, ಅವರ ಆಟ ಏನ್ ಕೆಟ್ಟೋಯ್ತು?" ಎಂದು ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗ ಅವಳೇ ಹೇಳಿದಳು: "ಆಟ ಕೆಟ್ಟಿಲ್ಲ ಕಣೋ. ಪಕ್ಕದಲ್ಲೇ ಕೂತಿದ್ರಲ್ಲ, ಇದು ಬೇಡ ಅಂತ ಒಂದ್ ಮಾತು ಅನ್ಬೋದಿತ್ತು. ನಾನು ದಿನಾ ಹಾಸನದ ಬಸ್ಸಿನಲ್ಲಿ ಅಂಥ ಮಾತು ಕೇಳ್ಕೊಂಡೇ ಹೋಗಿ ಬರ್ತೀನಿ. ಆಡೋರು ಒಬ್ರು, ಸುಮ್ನೆ ಕೂತ್ಕೊಳೋರು ಹತ್ತು ಜನ." ಪತ್ರಿಕೆಗಳ ಸಂಪಾದಕೀಯಗಳಲ್ಲಿ ನನಗೆ ಸಿಗದ ವಿಚಾರ ಆ ಹುಡುಗಿಯ ಬಾಯಲ್ಲಿ ಸಿಕ್ಕಿತು. ಹೆಸರಾಂತ ಆಟಗಾರನ ಮಾತು ಅವನೊಬ್ಬನ ಮಾತಾಗಿ ಉಳಿಯುವುದಿಲ್ಲ. ಬಸ್ಸಿನಲ್ಲಿ ಚುಡಾಯಿಸುವ ಪುಂಡನಿಗೆ ಅದು ಪರವಾನಗಿಯಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ, ಆಡಬೇಕಾದ ಮಾತನ್ನು ಆಡದಿದ್ದರೂ ಹೋಯಿತು ಎಂದು ಸೇರಿಸಬೇಕೇನೋ.

ಮೂರನೆಯದು ಕಚ್ಚೆ, ಎಂದರೆ ಖಾಸಗಿ ಬದುಕಿನ ಶೀಲ. ಇಲ್ಲಿ ನಾವು ಎಚ್ಚರದಿಂದ ಹೆಜ್ಜೆಯಿಡಬೇಕು. ಅಮೆರಿಕದ ಗಾಲ್ಫ್ ಆಟಗಾರ ಟೈಗರ್ ವುಡ್ಸ್‌ರ ದಾಂಪತ್ಯದ್ರೋಹ 2009ರ ಕೊನೆಯಲ್ಲಿ ಬಯಲಾದಾಗ ಕೆಲವು ದೊಡ್ಡ ಕಂಪನಿಗಳು ಅವರನ್ನು ಕೈಬಿಟ್ಟವು. ಮರುವರ್ಷ ಫೆಬ್ರವರಿಯಲ್ಲಿ ಅವರು ಜನರ ಮುಂದೆ ನಿಂತು ತಪ್ಪೊಪ್ಪಿಕೊಂಡರು. 2008ರ ನಂತರ ಅವರಿಗೆ ಮತ್ತೊಂದು ಪ್ರಮುಖ ಪ್ರಶಸ್ತಿ ದೊರೆತದ್ದು 2019ರಲ್ಲಿ. ಅವರು ಆಟದಲ್ಲಿ ಯಾರಿಗೂ ಮೋಸ ಮಾಡಿರಲಿಲ್ಲ. ನ್ಯಾಯವಾಗಿ ನೋಡಿದರೆ ಕ್ಷಮೆ ಕೇಳಬೇಕಾದದ್ದು ಹೆಂಡತಿಯನ್ನು, ಮಕ್ಕಳನ್ನು. ಹಾಗಿದ್ದೂ ಲೋಕಕ್ಕೆ ಕೋಪ ಬಂದುದೇಕೆ? ಜಾಹೀರಾತುಗಳಲ್ಲಿ ಅವರು ಮಾರಿದ್ದು ಗಾಲ್ಫನ್ನಷ್ಟೇ ಅಲ್ಲ. ಸಂಯಮವನ್ನು, ಆದರ್ಶ ಗೃಹಸ್ಥನ ಚಿತ್ರವನ್ನು. ಶೀಲವನ್ನು ಸರಕಾಗಿ ಮಾರಿದವನಿಗೆ, ಸರಕು ಖೋಟಾ ಎಂದು ಕೊಂಡವರು ದೂರುವಾಗ ಅದು ತನ್ನ ಖಾಸಗಿ ವಿಷಯವೆನ್ನುವ ಹಕ್ಕು ಕಡಿಮೆಯಾಗುತ್ತದೆ. ಏನನ್ನೂ ಮಾರದೆ ತನ್ನ ಪಾಡಿಗೆ ಆಡಿಕೊಂಡಿರುವವನ ಮನೆಯೊಳಗೆ ಇಣುಕಲು ನಮಗೆ ಅಧಿಕಾರವಿಲ್ಲ. ಆದರೆ ಮನೆಯೊಳಗಿನ ಹೊಡೆತ, ಬಲಾತ್ಕಾರ ಖಾಸಗಿಯಲ್ಲ, ಅದು ಅಪರಾಧ.

ಎಚ್ಚರದ ಮಾತು ಇನ್ನೊಂದಿದೆ. ಹಗರಣವೆಲ್ಲ ತಪ್ಪಲ್ಲ, ಎಷ್ಟೋ ಸಲ ಅದು ಗುಲ್ಲು ಮಾತ್ರ. 2006ರ ದೋಹಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಗಾಳದ ಓಟಗಾರ್ತಿ ಪಿಂಕಿ ಪ್ರಾಮಾಣಿಕ್‌ರನ್ನು 2012ರಲ್ಲಿ ಒಂದು ದೂರಿನ ಮೇಲೆ ಬಂಧಿಸಿದರು. ಅವರು ಹೆಣ್ಣೇ ಅಲ್ಲವೆಂಬ ಚರ್ಚೆ ಬೀದಿಬೀದಿಗಳಲ್ಲಿ ನಡೆಯಿತು. 2014ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯ ಆರೋಪಗಳನ್ನು ತಳ್ಳಿಹಾಕಿತು. ಬಂಧನದ ಸುದ್ದಿ ಕೇಳಿದವರಲ್ಲಿ ಎಷ್ಟು ಮಂದಿ ಬಿಡುಗಡೆಯ ಸುದ್ದಿ ಕೇಳಿದರು? ಹಣವಿದ್ದವನಿಗೆ ವಕೀಲರೂ ಹಿತೈಷಿಗಳೂ ಇರುತ್ತಾರೆ. ಬಡವರ ಮನೆಯಿಂದ ಬಂದ ಓಟಗಾರ್ತಿಗೆ ಇರುವ ಆಸ್ತಿಯೆಲ್ಲ ಅವಳ ಮಾನ. ಆದ್ದರಿಂದ ರುಜುವಾತಾಗುವವರೆಗೆ ನಾಲಗೆಯನ್ನು ಹಿಡಿದಿಟ್ಟುಕೊಳ್ಳುವುದು ನೋಡುಗರ ಕರ್ತವ್ಯ. ಬಾಯಿ ಭದ್ರವಾಗಿರಬೇಕೆಂಬ ನಿಯಮ ನಮಗೂ ಸಲ್ಲುತ್ತದೆ.

ಇನ್ನು ಕಳೆದುಹೋದ ನಂಬಿಕೆ ಮರಳುವುದುಂಟೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತದೆ ಗಾದೆ. ಇದು ಅರ್ಧ ನಿಜವೆಂದು ನನಗೆ ತೋರುತ್ತದೆ. ಆನೆ ಕೊಟ್ಟರೆ ಬಾರದು, ಅದು ದಿಟ. ದಂಡದ ಹಣದಿಂದ, ಬರೆಸಿ ಓದಿದ ಕ್ಷಮಾಪಣೆಯಿಂದ, ಒಂದು ಶತಕದಿಂದ ಮಾನ ಮರಳುವುದಿಲ್ಲ. ಆದರೆ ನಡತೆಯಿಂದ, ಕಾಲದಿಂದ ಮರಳಬಹುದು.

ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದು ಒಂದು ಪಂದ್ಯದ ಕಥೆಯೂ ಹೌದು. ಸೇನೆಗಳು ಸಾಯುವುದು ಬೇಡವೆಂದು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದರು. ಮೂರರಲ್ಲೂ ಸೋತ ಭರತ ಒಪ್ಪಂದ ಮೀರಿ ಚಕ್ರರತ್ನವನ್ನು ಬಿಟ್ಟ. ಅದೇ ಅವನ ಕೈ ಸಡಿಲಾದ ಗಳಿಗೆ. ಗೆದ್ದ ಬಾಹುಬಲಿ ಗೆದ್ದುದನ್ನೆಲ್ಲ ಬಿಟ್ಟು ತಪಸ್ಸಿಗೆ ನಿಂತ. ಅವನಿಗೂ ಜ್ಞಾನ ಕೂಡಲೆ ಒದಗಲಿಲ್ಲ. ತಾನು ನಿಂತ ನೆಲ ಅಣ್ಣನದೆಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಹೇಳುತ್ತಾರೆ. ಭರತನೇ ಬಂದು ತಮ್ಮನಿಗೆ ತಲೆಬಾಗಿದ ಮೇಲೆ ಆ ಮುಳ್ಳು ಕಳಚಿತು. ಚಕ್ರ ಬಿಟ್ಟವನು ತಲೆಬಾಗಿದುದರಿಂದ ಅವನ ಹೆಸರೂ ಉಳಿಯಿತು. ತಪ್ಪು ಯಾರಿಗೆ ತಟ್ಟಿತೋ ಅವರ ಮುಂದೆ ಬಾಗಬೇಕು. ಕ್ಯಾಮರಾದ ಮುಂದೆ ಬಾಗಿದರೆ ಸಾಲದು.

ರಾಹುಲ್ ವಾಪಸಾದ ಮೇಲೆ ಅವರನ್ನು ಕೇರಳದಲ್ಲಿ ಭಾರತ 'ಎ' ತಂಡದ ಜೊತೆ ಆಡಲು ಕಳಿಸಿದರು. ಅಲ್ಲಿ ತರಬೇತುದಾರರಾಗಿದ್ದವರು ರಾಹುಲ್ ದ್ರಾವಿಡ್. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟನ್ನು, ಸಂಶೋಧನೆ ಮಾಡಿ ಸಂಪಾದಿಸುವುದೇ ತಮಗಿಷ್ಟವೆಂದು ಹೇಳಿ ನಿರಾಕರಿಸಿದ್ದ ಮನುಷ್ಯ ಅವರು. ಅಂಥವರ ಬಳಿ ಕಳೆದ ದಿನಗಳು ತಮಗೆ ಉಪಕಾರ ಮಾಡಿದವೆಂದು ಕಿರಿಯ ರಾಹುಲ್ ಹೇಳಿದ್ದುಂಟು. ಶಾಲೆಯಲ್ಲೂ ಅಮಾನತಾಗದಿದ್ದ ತಮ್ಮನ್ನು ಆ ಘಟನೆ ಬಹಳವಾಗಿ ಬದಲಿಸಿತು, ಅಳುಕು ಉಳಿಸಿತು ಎಂದು 2024ರ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು. 2025ರ ಮಾರ್ಚಿಯಲ್ಲಿ ದುಬೈಯಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯ ಕೊನೆಯ ಪಂದ್ಯದಲ್ಲಿ ಅಜೇಯ 34 ರನ್ನುಗಳೊಡನೆ ಭಾರತವನ್ನು ದಡ ಸೇರಿಸಿದವರಲ್ಲಿ ಅವರೊಬ್ಬರು.

ಆ ರಾತ್ರಿಯೂ ನಾನು ಅರಕಲಗೂಡಿನಲ್ಲೇ ಇದ್ದೆ. ಈಗ ಹೊಳೆನರಸೀಪುರದಲ್ಲಿ ಉಪಾಧ್ಯಾಯಿನಿಯಾಗಿರುವ ಆ ಹುಡುಗಿ ತಮ್ಮನ ಪಕ್ಕದಲ್ಲಿ ಕುಳಿತು ಕೊನೆಯವರೆಗೂ ಆಟ ನೋಡಿದಳು, ಗೆದ್ದಾಗ ಚಪ್ಪಾಳೆ ತಟ್ಟಿದಳು. ಪಟ ಮಾತ್ರ ಅಟ್ಟದಿಂದ ಇಳಿದಿರಲಿಲ್ಲ. ನಾನು ಮೊಳೆಯ ಕಡೆ ನೋಡಿದುದನ್ನು ಗಮನಿಸಿ, "ಆಟಕ್ಕೆ ಚಪ್ಪಾಳೆ ತಟ್ಟಿದ್ನಲ್ಲ ಮಾವ. ಪಟ ಹಾಕೋಕೆ ಇನ್ನೂ ಸ್ವಲ್ಪ ದಿನ ನೋಡ್ತೀನಿ" ಎಂದಳು.

ಶ್ರೋತೃಗಳೇ, ಇದಕ್ಕಿಂತ ನ್ಯಾಯವಾದ ತೀರ್ಪನ್ನು ನಾನು ಕಾಣೆ. ಆಟಕ್ಕೆ ಸಲ್ಲತಕ್ಕದ್ದನ್ನು ತಡಮಾಡದೆ ಸಲ್ಲಿಸುವುದು. ಗೋಡೆಯ ಮೇಲಿನ ಜಾಗವನ್ನು ಮಾತ್ರ ನಡತೆಯನ್ನು ನೋಡಿ, ನಿಧಾನವಾಗಿ ಕೊಡುವುದು. ನಮ್ಮ ಗರಡಿಯ ತಗ್ಗು ಬಾಗಿಲನ್ನು ಯಾರಿಗೂ ಮುಚ್ಚುತ್ತಿರಲಿಲ್ಲ. ಒಮ್ಮೆ ಬಿದ್ದವನೂ ಮತ್ತೆ ಒಳಗೆ ಬರಬಹುದಿತ್ತು, ತಲೆ ಬಗ್ಗಿಸಿ.